ಒಪ್ಪದವನ ಮಾತಿಗೆ ಜಾಗವೆಲ್ಲಿ? ಸಮಾಜದ ವ್ಯವಸ್ಥೆಗೆ ಬುನಾದಿಯಾಗಿ ರಾಜಕೀಯ ಸಿದ್ಧಾಂತಗಳು

ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಕೋಟ್ಯಂತರ ಜನ ಒಂದೇ ದೇಶದಲ್ಲಿ ಬಾಳುತ್ತಾರೆ. ಅವರಲ್ಲಿ ಬಹುಪಾಲು ಮಂದಿ ಇನ್ನೊಬ್ಬರ ಸ್ವತ್ತನ್ನು ಕಸಿದುಕೊಳ್ಳುವುದಿಲ್ಲ, ಕೊಟ್ಟ ಮಾತನ್ನು ಸಾಮಾನ್ಯವಾಗಿ ಉಳಿಸಿಕೊಳ್ಳುತ್ತಾರೆ, ತಾವು ಬೆಂಬಲಿಸಿದ ಪಕ್ಷ ಸೋತರೂ ಫಲಿತಾಂಶವನ್ನು ಒಪ್ಪಿಕೊಂಡು ಮರುದಿನ ಕೆಲಸಕ್ಕೆ ಹೋಗುತ್ತಾರೆ. ದಿನವೂ ಕಣ್ಣೆದುರಿಗೇ ನಡೆಯುವುದರಿಂದ ಇದು ಸಹಜವೆಂದು ತೋರುತ್ತದೆ. ಆದರೆ ಅಂತರ್ಯುದ್ಧ ಹತ್ತಿಕೊಂಡ ನಾಡಿನಲ್ಲಿ ಇದೇ ನಡವಳಿಕೆ ಕೆಲವೇ ವಾರಗಳಲ್ಲಿ ಕುಸಿದುಬೀಳುವುದನ್ನು ಕಂಡವರಿಗೆ, ವ್ಯವಸ್ಥೆ ಎಂಬುದು ತಾನಾಗಿ ಬಂದದ್ದಲ್ಲ, ಯಾವುದೋ ಒಂದು ಆಧಾರದ ಮೇಲೆ ನಿಂತದ್ದು ಎಂಬುದು ಮನದಟ್ಟಾಗುತ್ತದೆ. ಆ ಆಧಾರ ಯಾವುದು, ಯಾವುದಾಗಿರಬೇಕು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಕೊಟ್ಟ ಉತ್ತರಗಳೇ ರಾಜಕೀಯ ಸಿದ್ಧಾಂತಗಳು.

ಈ ಸಿದ್ಧಾಂತಗಳನ್ನು ನಾವು ಸಾಮಾನ್ಯವಾಗಿ ಅವು ನೀಡುವ ಭರವಸೆಗಳ ಮೂಲಕ ಹೋಲಿಸುತ್ತೇವೆ: ಉದಾರವಾದ ಸ್ವಾತಂತ್ರ್ಯವನ್ನು ಕೊಡುತ್ತದೆ, ಸಮಾಜವಾದ ಸಮಾನತೆಯನ್ನು, ಸಂಪ್ರದಾಯವಾದ ಸ್ಥಿರತೆಯನ್ನು, ರಾಷ್ಟ್ರವಾದ ನಾವೆಲ್ಲ ಒಂದು ಎಂಬ ಭಾವನೆಯನ್ನು. ಈ ಹೋಲಿಕೆಯಿಂದ ಹೆಚ್ಚು ಪ್ರಯೋಜನವಿಲ್ಲವೆಂಬುದು ನನ್ನ ಅಭಿಪ್ರಾಯ. ಭರವಸೆಗಳ ಮಟ್ಟದಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತವೆ, ಮತ್ತು ಅವುಗಳಲ್ಲಿ ಆಯ್ಕೆ ಮಾಡುವುದು ಕೊನೆಗೆ ಮನೋಧರ್ಮದ ಮಾತಾಗಿ ಉಳಿಯುತ್ತದೆ. ಹೆಚ್ಚು ಉಪಯುಕ್ತವಾದ ಪ್ರಶ್ನೆ ಬೇರೆಯದು. ಮನುಷ್ಯರು ಕಟ್ಟಿದ ಯಾವ ವ್ಯವಸ್ಥೆಯೂ ತಪ್ಪು ಮಾಡದೆ ಇರುವುದಿಲ್ಲ. ಹಾಗೆ ತಪ್ಪಿದಾಗ ಅದನ್ನು ಹೇಳುವವರು ಯಾರು, ಹೇಳಿದವರನ್ನು ಆ ವ್ಯವಸ್ಥೆ ಏನು ಮಾಡುತ್ತದೆ, ಕೇಳಿಸಿಕೊಂಡ ಮೇಲೆ ತಿದ್ದಿಕೊಳ್ಳಲು ಅದಕ್ಕೆ ದಾರಿ ಇದೆಯೇ? ಒಪ್ಪದವನಿಗೆ ಒಂದು ಸಿದ್ಧಾಂತ ಎಲ್ಲಿ ಜಾಗ ಕೊಡುತ್ತದೆ ಎಂಬುದನ್ನು ಹುಡುಕುತ್ತ ಹೋದರೆ, ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ಸಿದ್ಧಾಂತಗಳ ನಡುವೆ ದೊಡ್ಡ ಅಂತರಗಳೂ, ವಿರುದ್ಧವೆಂದು ತೋರುವವುಗಳ ನಡುವೆ ಅನಿರೀಕ್ಷಿತ ಸಾಮ್ಯಗಳೂ ಕಾಣಿಸತೊಡಗುತ್ತವೆ.

ಎಲ್ಲಕ್ಕಿಂತ ಹಳೆಯ ಉತ್ತರ ಭಯದ್ದು. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮತ್ಸ್ಯನ್ಯಾಯದಿಂದ ಕಂಗೆಟ್ಟ ಪ್ರಜೆಗಳು ಮನುವನ್ನು ಅರಸನನ್ನಾಗಿ ಮಾಡಿಕೊಂಡು, ಬೆಳೆದ ಧಾನ್ಯದಲ್ಲಿ ಆರರಲ್ಲೊಂದು ಪಾಲನ್ನು ಅವನಿಗೆ ಒಪ್ಪಿಸಿದರೆಂಬ ಮಾತು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬರುತ್ತದೆ. ಇದೇ ತರ್ಕವನ್ನು ಅತ್ಯಂತ ಕಟ್ಟುನಿಟ್ಟಾಗಿ ಮುಂದಿಟ್ಟವನು ಇಂಗ್ಲೆಂಡಿನ ಥಾಮಸ್ ಹಾಬ್ಸ್. 1642ರಲ್ಲಿ ಅವನ ದೇಶದಲ್ಲಿ ಅರಸನಿಗೂ ಸಂಸತ್ತಿಗೂ ಯುದ್ಧ ಆರಂಭವಾಯಿತು; 1649ರ ಜನವರಿಯಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ತಲೆಯನ್ನು ಕಡಿಯಲಾಯಿತು. ಆ ವರ್ಷಗಳನ್ನು ಪ್ಯಾರಿಸ್ಸಿನಲ್ಲಿ ಕಳೆದ ಹಾಬ್ಸ್, 1651ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಎಲ್ಲರೂ ಎಲ್ಲರ ವಿರುದ್ಧ ಕಾದಾಡುವ ಸ್ಥಿತಿಗಿಂತ ಎಂಥ ಕಠಿಣ ಪ್ರಭುತ್ವವಾದರೂ ಮೇಲು, ಆದ್ದರಿಂದ ಪ್ರಜೆಗಳು ತಮ್ಮ ಅಧಿಕಾರವನ್ನೆಲ್ಲ ಒಂದೆಡೆ ಒಪ್ಪಿಸಬೇಕು ಎಂದು ವಾದಿಸಿದ. ಅವನನ್ನು ನಿರಂಕುಶ ಆಡಳಿತದ ವಕೀಲನೆಂದು ಕರೆದು ಪಕ್ಕಕ್ಕೆ ಸರಿಸುವುದು ಸುಲಭ, ಆದರೆ ನ್ಯಾಯವಲ್ಲ. ಅರಸನ ಅಧಿಕಾರ ದೇವರಿಂದ ಬಂದದ್ದೆಂದು ನಂಬಿದ್ದ ಕಾಲದಲ್ಲಿ ಅದು ಪ್ರಜೆಗಳ ಒಪ್ಪಿಗೆಯಿಂದ ಹುಟ್ಟುತ್ತದೆ ಎಂದವನು ಅವನು. ತನ್ನ ಪ್ರಾಣಕ್ಕೇ ಸಂಚಕಾರ ಬಂದಾಗ ಪ್ರತಿಭಟಿಸುವ ಹಕ್ಕನ್ನು ಮನುಷ್ಯ ಯಾರಿಗೂ ಬಿಟ್ಟುಕೊಡಲಾರನೆಂದೂ ಅವನು ಹೇಳಿದ್ದಾನೆ. ಅವನ ಕೊರತೆ ಬೇರೆಡೆ ಇದೆ. ಪ್ರಭುತ್ವವೇ ತಪ್ಪಿದರೆ ಅದನ್ನು ತಿದ್ದುವ ಯಾವ ಏರ್ಪಾಡನ್ನೂ ಅವನು ಉಳಿಸಲಿಲ್ಲ, ಏಕೆಂದರೆ ತಿದ್ದುವ ಅಧಿಕಾರ ಇನ್ನೊಬ್ಬರಲ್ಲಿದ್ದರೆ ಮತ್ತೆ ಯುದ್ಧಕ್ಕೆ ದಾರಿಯಾದೀತೆಂದು ಅವನು ಅಂಜಿದ. ಜಾನ್ ಲಾಕ್ ನೀಡಿದ ಪ್ರತ್ಯುತ್ತರ ಪ್ರಸಿದ್ಧವಾಗಿದೆ: ಕಾಡುಬೆಕ್ಕು, ನರಿಗಳ ಕಾಟ ತಪ್ಪಿಸಿಕೊಳ್ಳಲು ಹೋಗಿ ಸಿಂಹದ ಬಾಯಿಗೆ ಬಿದ್ದು, ಅದನ್ನೇ ಸುರಕ್ಷತೆಯೆಂದು ತಿಳಿಯುವಷ್ಟು ಮನುಷ್ಯರು ಮೂರ್ಖರೇ?

ಉದಾರವಾದದ ಬುನಾದಿ ಈ ಪ್ರಶ್ನೆಯಲ್ಲಿದೆ. 1689ರಲ್ಲಿ ಪ್ರಕಟವಾದ ಲಾಕ್‌ನ ಬರಹಗಳ ಪ್ರಕಾರ ಅಧಿಕಾರವೆಂಬುದು ನಂಬಿಕೆಯ ಮೇಲೆ ಒಪ್ಪಿಸಿದ ಠೇವಣಿ. ನಂಬಿಕೆ ಮುರಿದರೆ ಅದು ಒಪ್ಪಿಸಿದವರಿಗೆ ಹಿಂದಿರುಗುತ್ತದೆ. ಅಲ್ಲಿಂದ ಮುಂದೆ ಅಧಿಕಾರದ ವಿಭಜನೆ, ಸ್ವತಂತ್ರ ನ್ಯಾಯಾಲಯ, ನಿಗದಿತ ಅವಧಿಯ ಚುನಾವಣೆ, ಪತ್ರಿಕಾ ಸ್ವಾತಂತ್ರ್ಯ ಇವೆಲ್ಲವೂ ಒಂದೊಂದಾಗಿ ಬೆಳೆದುಬಂದವು. ಇವುಗಳಲ್ಲಿ ಅತ್ಯಂತ ವಿಸ್ಮಯಕರವೆಂದು ನನಗೆ ತೋರುವುದು ವಿರೋಧಪಕ್ಷ ಎಂಬ ಕಲ್ಪನೆ. ಆಳುವವರನ್ನು ವಿರೋಧಿಸುವುದು ದ್ರೋಹವೆಂದೇ ಎಣಿಸುತ್ತಿದ್ದ ಮನುಷ್ಯಕುಲ, ಅದೇ ಕೆಲಸಕ್ಕೆ ಶಾಸನಸಭೆಯೊಳಗೆ ಆಸನ ಹಾಕಿಕೊಟ್ಟಿತು. 1859ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಇದಕ್ಕೆ ತಾತ್ವಿಕ ಸಮರ್ಥನೆಯನ್ನು ನೀಡಿದ. ಒಬ್ಬನ ಅಭಿಪ್ರಾಯವನ್ನು ಅಡಗಿಸಿದಾಗ ನಷ್ಟವಾಗುವುದು ಅವನೊಬ್ಬನಿಗಲ್ಲ, ಅದನ್ನು ಕೇಳದೆ ಹೋದ ಎಲ್ಲರಿಗೂ. ಅವನ ಮಾತು ಸರಿಯಾಗಿದ್ದರೆ ಸತ್ಯ ಕೈತಪ್ಪುತ್ತದೆ, ತಪ್ಪಾಗಿದ್ದರೆ ನಮ್ಮ ಸತ್ಯವನ್ನು ಒರೆಗೆ ಹಚ್ಚುವ ಅವಕಾಶ ಕೈತಪ್ಪುತ್ತದೆ. 20ನೆಯ ಶತಮಾನದಲ್ಲಿ ಕಾರ್ಲ್ ಪಾಪರ್ ಇದನ್ನೇ ಆಡಳಿತಕ್ಕೆ ಅನ್ವಯಿಸಿ, ಯಾರು ಆಳಬೇಕು ಎಂಬುದಕ್ಕಿಂತ ಕೆಟ್ಟ ಆಳ್ವಿಕೆಯನ್ನು ರಕ್ತಪಾತವಿಲ್ಲದೆ ತೊಲಗಿಸುವುದು ಹೇಗೆ ಎಂಬುದೇ ರಾಜಕೀಯದ ಮುಖ್ಯ ಪ್ರಶ್ನೆಯೆಂದ.

ಹೀಗಿದ್ದರೂ ಉದಾರವಾದ ತಾನು ಸಾರಿದ ಮಾತನ್ನು ತಾನೇ ಪೂರ್ತಿಯಾಗಿ ನಡೆಸಲಿಲ್ಲ. ಧಾರ್ಮಿಕ ಸಹಿಷ್ಣುತೆಯನ್ನು ಬೋಧಿಸಿದ ಲಾಕ್ ನಾಸ್ತಿಕರಿಗೆ ಆ ಸಹಿಷ್ಣುತೆ ಸಲ್ಲದೆಂದ. ಸಂಸತ್ತಿನ ಪರಂಪರೆಗೆ ಹೆಸರಾದ ಬ್ರಿಟನ್ನಿನಲ್ಲಿ ಹೆಂಗಸರಿಗೆ ಗಂಡಸರೊಂದಿಗೆ ಸಮಾನವಾದ ಮತದಾನದ ಹಕ್ಕು ದೊರೆತದ್ದು 1928ರಲ್ಲಿ. ಮಾತನಾಡುವ ಹಕ್ಕು ಕಾಗದದ ಮೇಲೆ ಎಲ್ಲರದಾಗಿದ್ದರೂ, ಆಸ್ತಿಯಿಲ್ಲದವನ ಮಾತಿಗೆ ತೂಕವಿರಲಿಲ್ಲ.

ಈ ಕೊರತೆಯನ್ನು ಎರಡು ದಿಕ್ಕುಗಳಿಂದ ನೋಡಿದವರಿದ್ದಾರೆ. ಮೊದಲನೆಯದು ಸಂಪ್ರದಾಯವಾದ. ಇದನ್ನು ಹಳೆಯದಕ್ಕೆ ಜೋತುಬೀಳುವ ಮನೋಭಾವವೆಂದಷ್ಟೇ ತಿಳಿದರೆ ಅದರ ತಿರುಳು ಸಿಗುವುದಿಲ್ಲ. 1790ರಲ್ಲಿ ಫ್ರೆಂಚ್ ಕ್ರಾಂತಿಯನ್ನು ಖಂಡಿಸಿ ಬರೆದ ಎಡ್ಮಂಡ್ ಬರ್ಕ್, ಅದಕ್ಕೂ ಮುನ್ನ ಅಮೆರಿಕದ ವಸಾಹತುಗಳ ಅಹವಾಲಿನ ಪರವಾಗಿ ನಿಂತಿದ್ದವನು, ಮತ್ತು ಬಂಗಾಳದಲ್ಲಿ ಅಧಿಕಾರದ ದುರುಪಯೋಗ ಮಾಡಿದನೆಂದು ವಾರನ್ ಹೇಸ್ಟಿಂಗ್ಸ್‌ನ ಮೇಲೆ ವರ್ಷಗಟ್ಟಲೆ ಮಹಾಭಿಯೋಗ ನಡೆಸಿದವನು. ಅವನ ಆತಂಕ ಬದಲಾವಣೆಯ ಬಗೆಗಲ್ಲ. ಬದಲಾಗುವ ಸಾಧನಗಳಿಲ್ಲದ ರಾಜ್ಯಕ್ಕೆ ತನ್ನನ್ನು ಉಳಿಸಿಕೊಳ್ಳುವ ಸಾಧನಗಳೂ ಇರುವುದಿಲ್ಲವೆಂದು ಅವನೇ ಬರೆದಿದ್ದಾನೆ. ಒಂದು ತಲೆಮಾರಿನ ಬುದ್ಧಿವಂತರು ತಮ್ಮ ತರ್ಕದ ಬಲವೊಂದನ್ನೇ ನಂಬಿ, ಬಳಕೆಯಲ್ಲಿ ಪಳಗಿದ ಸಂಸ್ಥೆಗಳನ್ನೆಲ್ಲ ಒಮ್ಮೆಗೇ ಕಿತ್ತೊಗೆದರೆ, ಆ ಸಂಸ್ಥೆಗಳು ಯಾರಿಗೂ ತಿಳಿಯದಂತೆ ಮಾಡುತ್ತಿದ್ದ ಕೆಲಸಗಳೂ ನಿಂತುಹೋಗುತ್ತವೆ ಎಂಬುದು ಅವನ ವಾದ. 1793 ಮತ್ತು 1794ರಲ್ಲಿ ಪ್ಯಾರಿಸ್ಸಿನಲ್ಲಿ ತಲೆ ಕಡಿಯುವ ಯಂತ್ರವಾದ ಗಿಲೊಟಿನ್ ನಡೆಸಿದ ಸಂಹಾರ ಈ ವಾದಕ್ಕೆ ಬಲ ತಂದಿತು. ಸಮಾಜವೆಂಬುದು ಬದುಕಿರುವವರು, ಗತಿಸಿದವರು ಮತ್ತು ಇನ್ನೂ ಹುಟ್ಟದವರ ನಡುವಣ ಪಾಲುದಾರಿಕೆ ಎಂಬ ಅವನ ಮಾತಿನಲ್ಲಿ, ಒಪ್ಪದವನ ಸ್ಥಾನದಲ್ಲಿ ಹಿಂದಿನವರ ಅನುಭವ ಬಂದು ಕೂರುತ್ತದೆ: ಇಂದಿನ ಬಹುಮತಕ್ಕೆ ತಡೆ ಹಾಕುವ ದನಿ ಅದು. ತೊಡಕೆಂದರೆ, ಗತಿಸಿದವರೆಲ್ಲರ ದನಿಯೂ ನಮಗೆ ತಲುಪಿಲ್ಲ. ಹಿಂದಿನ ಕಾಲದಲ್ಲಿ ಮಾತನಾಡಲು ಬಿಡದೆ ಇದ್ದವರ ಅನುಭವ ಪರಂಪರೆಯೊಳಗೆ ಸೇರಿಯೇ ಇಲ್ಲ, ಆದ್ದರಿಂದ ಪರಂಪರೆಯ ವಿವೇಕವೆಂದು ನಮ್ಮ ಕೈಗೆ ಬರುವುದರಲ್ಲಿ ಒಂದು ಪಾಲು ಗೆದ್ದವರ ಅನುಕೂಲವೂ ಆಗಿರುತ್ತದೆ.

ಇನ್ನೊಂದು ದಿಕ್ಕು ಸಮಾಜವಾದದ್ದು. ಕಾರ್ಲ್ ಮಾರ್ಕ್ಸ್ ಮತ್ತು ಫ್ರೆಡ್ರಿಕ್ ಏಂಗೆಲ್ಸ್ 1848ರಲ್ಲಿ ತಮ್ಮ ಪ್ರಣಾಳಿಕೆಯನ್ನು ಹೊರತಂದಾಗ, ಬ್ರಿಟನ್ನಿನ ಬಟ್ಟೆ ಗಿರಣಿಗಳಲ್ಲಿ ಹೆಂಗಸರು ಮತ್ತು ಎಳೆಯರ ದುಡಿಮೆಯನ್ನು ದಿನಕ್ಕೆ 10 ಗಂಟೆಗಳಿಗೆ ಮಿತಿಗೊಳಿಸುವ ಕಾಯಿದೆ ಬಂದು ಒಂದು ವರ್ಷವೂ ಪೂರ್ತಿಯಾಗಿರಲಿಲ್ಲ. ಹಸಿದವನೂ ಗಿರಣಿಯ ಒಡೆಯನೂ ಸಮಾನರಾಗಿ ಕರಾರು ಮಾಡಿಕೊಳ್ಳುತ್ತಾರೆ ಎಂಬ ಮಾತಿನ ಪೊಳ್ಳುತನವನ್ನು ಬಯಲಿಗೆಳೆದದ್ದು ಅವರ ದೊಡ್ಡ ಕೊಡುಗೆ. ಒಲ್ಲೆನೆನ್ನಲು ಕಾನೂನಿನ ಅನುಮತಿಯಿದ್ದರೆ ಸಾಲದು, ಒಲ್ಲೆನೆಂದ ಮೇಲೂ ಬದುಕುವ ಆಸರೆ ಬೇಕು. ಅದಿಲ್ಲದ ಕಡೆ ಕಾಣುವ ಶಾಂತಿ ಒಪ್ಪಿಗೆಯಲ್ಲ, ಅಸಹಾಯಕತೆ. ಇಷ್ಟರಮಟ್ಟಿಗೆ ಮಾರ್ಕ್ಸ್‌ನ ವಿಮರ್ಶೆಯನ್ನು ಒಪ್ಪದೆ ವ್ಯವಸ್ಥೆಯ ಬಗ್ಗೆ ಇಂದು ಯಾರೂ ಗಂಭೀರವಾಗಿ ಮಾತನಾಡಲಾರರೆಂದು ನಾನು ತಿಳಿದಿದ್ದೇನೆ.

ಆದರೆ ವರ್ಗಭೇದ ಅಳಿದ ಮೇಲೆ ಉಳಿಯುವ ಭಿನ್ನಮತಕ್ಕೆ ಏನು ಮಾಡಬೇಕೆಂಬುದರ ಬಗ್ಗೆ ಈ ಸಿದ್ಧಾಂತದಲ್ಲಿ ಹೆಚ್ಚಿನ ಚಿಂತನೆ ಇರಲಿಲ್ಲ. ಭಿನ್ನಮತವೆಂದರೆ ಬಹುಮಟ್ಟಿಗೆ ವರ್ಗಹಿತಾಸಕ್ತಿಯ ಮುಖವಾಡವೆಂದು ತಿಳಿದಾಗ, ಒಪ್ಪದವನು ತಪ್ಪು ತಿಳಿದವನಾಗಿ ಉಳಿಯದೆ ಶತ್ರುವಾಗುತ್ತಾನೆ. ಈ ಅಪಾಯವನ್ನು ಮೊದಲು ಕಂಡವರು ಎದುರಾಳಿಗಳಲ್ಲ, ಒಳಗಿನವರೇ. ಕಾರ್ಮಿಕರ ಹೆಸರಿನಲ್ಲಿ ಹೊಸದೊಂದು ಅಲ್ಪಸಂಖ್ಯಾತ ಗುಂಪು ಆಳತೊಡಗುತ್ತದೆ ಎಂದು ಎಚ್ಚರಿಸುತ್ತಿದ್ದ, ಪ್ರಭುತ್ವವೇ ಬೇಡವೆನ್ನುವ ಅರಾಜಕತಾವಾದಿ ಬಕುನಿನ್‌ನನ್ನು 1872ರ ಹೇಗ್ ಸಮಾವೇಶದಲ್ಲಿ ಕಾರ್ಮಿಕರ ಅಂತರರಾಷ್ಟ್ರೀಯ ಸಂಘದಿಂದ ಹೊರಹಾಕಲಾಯಿತು. 1918ರಲ್ಲಿ ಜರ್ಮನಿಯ ಸೆರೆಮನೆಯಲ್ಲಿದ್ದ ಸಮಾಜವಾದಿ ನಾಯಕಿ ರೋಸಾ ಲಕ್ಸೆಂಬರ್ಗ್, ರಷ್ಯದ ಕ್ರಾಂತಿಯನ್ನು ಮನಸಾರೆ ಬೆಂಬಲಿಸುತ್ತಲೇ, ಸ್ವಾತಂತ್ರ್ಯವೆಂದರೆ ಯಾವಾಗಲೂ ಭಿನ್ನವಾಗಿ ಯೋಚಿಸುವವನ ಸ್ವಾತಂತ್ರ್ಯ ಎಂದು ಬರೆದಳು. ಮರುವರ್ಷದ ಜನವರಿಯಲ್ಲಿ ಬಲಪಂಥೀಯ ಸೈನಿಕರು ಅವಳನ್ನು ಕೊಂದರು. 1921ರ ಮಾರ್ಚ್‌ನಲ್ಲಿ ಲೆನಿನ್‌ನ ಪಕ್ಷ, ಒಂದೇ ಸಮಾವೇಶದಲ್ಲಿ, ರೈತರ ಮೇಲಿನ ಹಿಡಿತವನ್ನು ಸಡಿಲಿಸುವ ಹೊಸ ಆರ್ಥಿಕ ನೀತಿಗೆ ಒಪ್ಪಿಗೆ ನೀಡಿತು ಮತ್ತು ಪಕ್ಷದೊಳಗಿನ ಬಣಗಳನ್ನು ನಿಷೇಧಿಸಿತು. ಹಳೆಯ ನೀತಿ ವಿಫಲವಾಯಿತೆಂದು ಒಪ್ಪಿಕೊಂಡ ಗಳಿಗೆಯಲ್ಲೇ, ಮುಂದಿನ ವೈಫಲ್ಯವನ್ನು ಹೇಳಬೇಕಾದವರ ಬಾಯಿಯನ್ನೂ ಮುಚ್ಚಿತು.

ಇದರ ಪರಿಣಾಮ ಎಷ್ಟು ಭೀಕರವಾಗಬಹುದೆಂಬುದಕ್ಕೆ ಚೀನಾದ ಉದಾಹರಣೆ ಸಾಕು. ಕೃಷಿ, ಕೈಗಾರಿಕೆಗಳ ಉತ್ಪಾದನೆಯನ್ನು ಒಮ್ಮೆಗೇ ಹೆಚ್ಚಿಸಲು 1958ರಲ್ಲಿ ಮಾವೋ ಆರಂಭಿಸಿದ ಮಹಾ ಮುನ್ನೆಗೆತದ ಕಾಲದಲ್ಲಿ, ಮೇಲಿನವರನ್ನು ಮೆಚ್ಚಿಸಲು ಸ್ಥಳೀಯ ಅಧಿಕಾರಿಗಳು ಬೆಳೆಯ ಅಂಕಿಗಳನ್ನು ಹಿಗ್ಗಿಸಿ ಕಳುಹಿಸುತ್ತಿದ್ದರು. ಆ ಸುಳ್ಳು ಅಂಕಿಗಳ ಲೆಕ್ಕದಲ್ಲೇ ಸರ್ಕಾರ ಹಳ್ಳಿಗಳಿಂದ ಧಾನ್ಯವನ್ನು ಎತ್ತಿಕೊಂಡಿತು. 1959ರಲ್ಲಿ ಲೂಷಾನ್‌ನಲ್ಲಿ ನಡೆದ ಸಭೆಯ ವೇಳೆ ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್ ನಡೆಯುತ್ತಿರುವುದು ಸರಿಯಿಲ್ಲವೆಂದು ಮಾವೋಗೆ ಪತ್ರ ಬರೆದ. ಅವನು ಪಕ್ಷದ ಶತ್ರುವಲ್ಲ, ಹಲವು ಯುದ್ಧಗಳಲ್ಲಿ ಸೇನೆಯನ್ನು ನಡೆಸಿದ್ದ ಹಳೆಯ ಒಡನಾಡಿ. ಅವನನ್ನು ಪದಚ್ಯುತಗೊಳಿಸಲಾಯಿತು, ಆ ಬಳಿಕ ಮಾತನಾಡುವ ಧೈರ್ಯ ಯಾರಿಗೂ ಉಳಿಯಲಿಲ್ಲ, ಕ್ಷಾಮ ಇನ್ನೂ ಎರಡು ವರ್ಷ ಮುಂದುವರಿಯಿತು. ಸತ್ತವರು ಕೋಟಿಗಟ್ಟಲೆ. ಪತ್ರಿಕಾ ಸ್ವಾತಂತ್ರ್ಯವೂ ನಿಜವಾದ ಚುನಾವಣೆಗಳೂ ಇರುವ ಸ್ವತಂತ್ರ ದೇಶದಲ್ಲಿ ದೊಡ್ಡ ಕ್ಷಾಮ ಸಂಭವಿಸಿಲ್ಲವೆಂಬ ಅಮರ್ತ್ಯ ಸೇನರ ಮಾತಿನ ಹಿಂದಿರುವುದು ಈ ಬಗೆಯ ಅನುಭವವೇ. ಬರ ಬರುವುದು ಪ್ರಕೃತಿಯಿಂದ. ಅದು ಕ್ಷಾಮವಾಗಿ ಬೆಳೆಯುವುದು ಸುದ್ದಿ ಮೇಲಕ್ಕೆ ತಲುಪದಿದ್ದಾಗ.

ಇಲ್ಲಿಗೇ ನಿಲ್ಲಿಸಿದ್ದರೆ ಉದಾರವಾದದ ಪರವಾಗಿ ತೀರ್ಪು ಕೊಟ್ಟು ಮುಗಿಸಬಹುದಿತ್ತು. ಆದರೆ 1845ರಿಂದ ಐರ್ಲೆಂಡಿನಲ್ಲಿ ಆದದ್ದನ್ನು ಮರೆತು ಹಾಗೆ ಮಾಡುವುದು ಅಪ್ರಾಮಾಣಿಕತೆಯಾಗುತ್ತದೆ. ಆಲೂಗಡ್ಡೆಯ ಬೆಳೆ ರೋಗಕ್ಕೆ ತುತ್ತಾಗಿ ಜನ ಹಸಿವಿನಿಂದ ಸಾಯುತ್ತಿರುವುದು ಲಂಡನ್ನಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಪತ್ರಿಕೆಗಳು ಬರೆಯುತ್ತಿದ್ದವು, ಐರ್ಲೆಂಡಿನ ಸದಸ್ಯರು ಸಂಸತ್ತಿನಲ್ಲಿ ಕುಳಿತಿದ್ದರು. 1847ರ ಬೇಸಿಗೆಯಲ್ಲಿ ಸರ್ಕಾರಿ ಗಂಜಿ ಕೇಂದ್ರಗಳು ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಊಟ ಹಾಕಿದವು, ಅಂದರೆ ಮಾಡುವ ಶಕ್ತಿಯೂ ಇತ್ತು. ಆದರೂ ಮಾರುಕಟ್ಟೆಯಲ್ಲಿ ಕೈಹಾಕಬಾರದು, ಬಡವರನ್ನು ಸರ್ಕಾರದ ಮೇಲೆ ಅವಲಂಬಿತರನ್ನಾಗಿ ಮಾಡಬಾರದು ಎಂಬ ಸಿದ್ಧಾಂತನಿಷ್ಠೆಯಿಂದ ಆ ಕೇಂದ್ರಗಳನ್ನು ಅದೇ ವರ್ಷ ಮುಚ್ಚಲಾಯಿತು, ಕ್ಷಾಮದುದ್ದಕ್ಕೂ ಆಹಾರ ಪದಾರ್ಥಗಳು ದ್ವೀಪದಿಂದ ಹೊರಗೆ ಸಾಗುತ್ತಲೇ ಇದ್ದವು, ಸುಮಾರು 10 ಲಕ್ಷ ಜನ ಸತ್ತರು. ದನಿ ಇತ್ತು, ಕೇಳಿಸಿಯೂ ಇತ್ತು; ಕೇಳಿಸಿಕೊಂಡವರು ಸಾಯುತ್ತಿದ್ದವರನ್ನು ತಮ್ಮವರೆಂದು ಎಣಿಸಿರಲಿಲ್ಲ.

ಸ್ವಾತಂತ್ರ್ಯ, ಸಮಾನತೆಗಳ ಪಕ್ಕದಲ್ಲಿ ಹೆಚ್ಚಾಗಿ ಅಲಂಕಾರಕ್ಕೆಂಬಂತೆ ನಿಲ್ಲುವ ಬಂಧುತ್ವದ ಪ್ರಶ್ನೆ ಏಳುವುದು ಇಲ್ಲಿ. 1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾತನಾಡುತ್ತ ಡಾ. ಬಿ. ಆರ್. ಅಂಬೇಡ್ಕರ್, ಈ ಮೂರನ್ನು ಒಂದರಿಂದೊಂದು ಬೇರ್ಪಡಿಸಿದರೆ ಪ್ರಜಾಪ್ರಭುತ್ವದ ಉದ್ದೇಶವೇ ಸೋಲುತ್ತದೆಂದರು: ಸಮಾನತೆಯಿಲ್ಲದ ಸ್ವಾತಂತ್ರ್ಯ ಕೆಲವರ ಮೇಲುಗೈಯಾಗುತ್ತದೆ, ಸ್ವಾತಂತ್ರ್ಯವಿಲ್ಲದ ಸಮಾನತೆ ವ್ಯಕ್ತಿಯ ಚೈತನ್ಯವನ್ನು ಕೊಲ್ಲುತ್ತದೆ, ಬಂಧುತ್ವವಿಲ್ಲದಿದ್ದರೆ ಇವೆರಡೂ ಸಹಜವಾಗಿ ನಡೆಯದೆ ಹಿಂದೆ ಪೊಲೀಸರು ನಿಂತು ನಡೆಸಬೇಕಾಗುತ್ತದೆ. ಸಿದ್ಧಾಂತಗಳ ಹೋಲಿಕೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಮಾತನ್ನು ನಾನು ಓದಿಲ್ಲ.

ತಮ್ಮವರು ಯಾರು ಎಂಬ ಪ್ರಶ್ನೆಗೆ ರಾಷ್ಟ್ರವಾದದ ಬಳಿ ಸಿದ್ಧ ಉತ್ತರವಿದೆ. 1882ರಲ್ಲಿ ಫ್ರಾನ್ಸಿನ ಚಿಂತಕ ಅರ್ನೆಸ್ಟ್ ರೆನಾನ್ ರಾಷ್ಟ್ರವನ್ನು ದಿನದಿನವೂ ನಡೆಯುವ ಜನಮತಗಣನೆಗೆ ಹೋಲಿಸಿದ. ಆ ಅರ್ಥದಲ್ಲಿ ಅದು ಅಪರಿಚಿತರ ನಡುವೆ ಬಂಧುತ್ವವನ್ನು ಹುಟ್ಟಿಸಬಲ್ಲ ಶಕ್ತಿ, ಒಬ್ಬರ ತೆರಿಗೆ ಇನ್ನೊಬ್ಬರ ಕಾಯಿಲೆಗೆ ಬಳಕೆಯಾಗಲೆಂದು ಒಪ್ಪಿಸುವ ಶಕ್ತಿ. ಅದೇ ಭಾವನೆ ಒಪ್ಪಿಗೆಯನ್ನು ಬಿಟ್ಟು ರಕ್ತಸಂಬಂಧಕ್ಕೆ ತಿರುಗಿದಾಗ ಫ್ಯಾಸಿಸಂಗೆ ದಾರಿಯಾಗುತ್ತದೆ. ಫ್ಯಾಸಿಸಂ ವ್ಯವಸ್ಥೆಯ ಹೆಸರಿನಲ್ಲಿಯೇ ಅಧಿಕಾರಕ್ಕೆ ಬಂದದ್ದೆಂಬುದನ್ನು ನೆನಪಿಡಬೇಕು. ಇಟಲಿಯಲ್ಲಿ 1924ರ ಮೇ 30ರಂದು ಸಂಸತ್ತಿನಲ್ಲಿ ಚುನಾವಣಾ ಅಕ್ರಮಗಳನ್ನು ಎತ್ತಿ ತೋರಿಸಿದ ಸಮಾಜವಾದಿ ಸದಸ್ಯ ಮತ್ತೆಯೊತ್ತಿಯನ್ನು ಹನ್ನೊಂದೇ ದಿನಗಳಲ್ಲಿ ಫ್ಯಾಸಿಸ್ಟರು ಅಪಹರಿಸಿ ಕೊಂದರು. ಒಪ್ಪದವನಿಗೆ ಬೇರೆ ಸಿದ್ಧಾಂತಗಳು ಆಚರಣೆಯಲ್ಲಿ ಮಾಡಿದ ದ್ರೋಹವನ್ನು ಇದು ತತ್ತ್ವವಾಗಿಯೇ ಎತ್ತಿಹಿಡಿಯಿತು. ಸದಾ ಒಬ್ಬ ಶತ್ರುವಿಲ್ಲದೆ ಅದರ ಐಕ್ಯ ನಿಲ್ಲುವಂತಿರಲಿಲ್ಲ.

ವಾಸ್ತವದಲ್ಲಿ ತಕ್ಕಮಟ್ಟಿಗೆ ಬಾಳಿದ ವ್ಯವಸ್ಥೆಗಳು ಯಾವ ಸಿದ್ಧಾಂತಕ್ಕೂ ಪೂರ್ತಿ ನಿಷ್ಠವಾಗಿರಲಿಲ್ಲ. ಜರ್ಮನಿಯ ಬಿಸ್ಮಾರ್ಕ್ 1878ರಲ್ಲಿ ಸಮಾಜವಾದಿ ಸಂಘಟನೆಗಳನ್ನು ನಿಷೇಧಿಸಿದ, 1883ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆಯ ಕಾಯಿದೆಯನ್ನು ತಂದ. ಎದುರಾಳಿಯ ಬಾಯಿ ಕಟ್ಟಿದರೂ ಅವನು ಎತ್ತಿದ ಕೊರಗನ್ನು ಅಲಕ್ಷಿಸಲಾಗಲಿಲ್ಲ. 1899ರಲ್ಲಿ ಎಡ್ವರ್ಡ್ ಬರ್ನ್‌ಸ್ಟೈನ್ ಕ್ರಾಂತಿಯ ಬದಲು ಚುನಾವಣೆ ಮತ್ತು ಸುಧಾರಣೆಗಳ ದಾರಿಯನ್ನು ಸಮಾಜವಾದಿಗಳ ಮುಂದಿಟ್ಟ. 1942ರಲ್ಲಿ ಉದಾರವಾದಿ ವಿಲಿಯಂ ಬೆವರಿಜ್ ಸಾಮಾಜಿಕ ವಿಮೆಯ ವರದಿಯನ್ನು ಬ್ರಿಟನ್ನಿಗೆ ಕೊಟ್ಟ. 1945ರಲ್ಲಿ ಅರ್ಥಶಾಸ್ತ್ರಜ್ಞ ಹಾಯೆಕ್ ಬರೆದ ಮಾತು ಈ ಬೆಳವಣಿಗೆಗೆ ಅಗತ್ಯವಾದ ಅಂಕುಶ: ಯಾರಿಗೆ ಏನು ಬೇಕು, ಎಲ್ಲಿ ಏನಿದೆ ಎಂಬ ತಿಳಿವಳಿಕೆ ಕೋಟ್ಯಂತರ ಜನರಲ್ಲಿ ಚೂರುಚೂರಾಗಿ ಹರಡಿರುತ್ತದೆ, ಯಾವ ಕೇಂದ್ರ ಕಚೇರಿಗೂ ಅದನ್ನು ಒಟ್ಟುಗೂಡಿಸಲಾಗದು, ಬೆಲೆಗಳು ಮಾತ್ರ ಅದನ್ನು ಸಾರುತ್ತವೆ. ಇದು ನಿಜ. ಆದರೆ ಬೆಲೆಗೆ ಕೇಳಿಸುವುದು ಕೈಯಲ್ಲಿ ಹಣವಿರುವವನ ಬೇಡಿಕೆ. ಐರ್ಲೆಂಡಿನ ಹಸಿವು ಅದಕ್ಕೆ ಕೇಳಿಸಲಿಲ್ಲ.

ಪ್ರಭುತ್ವವನ್ನೂ ಮಾರುಕಟ್ಟೆಯನ್ನೂ ಬಿಟ್ಟು ಮೂರನೆಯ ಆಧಾರವಿಲ್ಲವೇ? ಇದೆ ಎಂದವರು ಅರಾಜಕತಾವಾದಿಗಳು. ಕ್ರೊಪಾಟ್ಕಿನ್ 1902ರಲ್ಲಿ ಪರಸ್ಪರ ನೆರವು ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಸ್ಪರ್ಧೆಯಷ್ಟೇ ಸಹಜವಾದದ್ದೆಂದು ತೋರಿಸಲು ಯತ್ನಿಸಿದ. ಆ ನಂಬಿಕೆಯನ್ನು ಬದಿಗಿಟ್ಟು, ನೆಲದ ಮೇಲೆ ನಡೆಯುತ್ತಿರುವುದನ್ನು ತಾಳ್ಮೆಯಿಂದ ಪರಿಶೀಲಿಸಿದವರು ಎಲಿನರ್ ಆಸ್ಟ್ರಮ್. ಎಲ್ಲರಿಗೂ ಸೇರಿದ ಗೋಮಾಳವನ್ನು ಎಲ್ಲರೂ ಸೇರಿ ಹಾಳುಮಾಡುತ್ತಾರೆ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಮಂಡಿಸಿದ ವಾದಕ್ಕೆ, ಹಾಗಾಗದ ಊರುಗಳನ್ನು ಅವರು ಹುಡುಕಿ ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರೇ. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯಲ್ಲಿ, ಚಳಿಗಾಲದಲ್ಲಿ ತನ್ನ ಮೇವಿನಿಂದ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಯಾರೇ ಆಗಲಿ ಬೇಸಿಗೆಯ ಹುಲ್ಲುಗಾವಲಿಗೆ ಬಿಡಬಹುದೆಂಬ ನಿಯಮ 1517ರಿಂದ ದಾಖಲೆಯಲ್ಲಿದೆ. ಸ್ಪೇನಿನ ವೆಲೆನ್ಸಿಯದಲ್ಲಿ ಎಂಟು ಕಾಲುವೆಗಳ ರೈತರು ತಾವೇ ಆರಿಸಿದ ಪ್ರತಿನಿಧಿಗಳು ಪ್ರತಿ ಗುರುವಾರ ಮಧ್ಯಾಹ್ನ 12ಕ್ಕೆ ಕ್ಯಾಥೆಡ್ರಲ್‌ನ ಬಾಗಿಲ ಮುಂದೆ ಕುಳಿತು, ನೀರಿನ ವ್ಯಾಜ್ಯಗಳನ್ನು ಎಲ್ಲರೆದುರಿಗೆ ಮಾತಿನಲ್ಲೇ ಕೇಳಿ ತೀರ್ಮಾನಿಸುತ್ತಾರೆ. ಇಲ್ಲಿ ನಿಯಮ ಮಾಡುವವರು, ಅದಕ್ಕೆ ಒಳಪಡುವವರು, ಅದು ಸರಿಯಿಲ್ಲವೆಂದು ದೂರುವವರು ಒಂದೇ ಜನ. ದೂರಿದವನು ನಾಳೆಯೂ ಅದೇ ಕಾಲುವೆಯ ನೆರೆಯವನಾಗಿರುತ್ತಾನೆ, ಆದ್ದರಿಂದ ಅವನ ಮಾತನ್ನು ಕೇಳಿಸಿಕೊಳ್ಳದೆ ಗತ್ಯಂತರವಿಲ್ಲ.

ಇಂಥ ಏರ್ಪಾಡುಗಳು ಹಿಡಿದಿರುವುದು ಮುಖಪರಿಚಯದ ಬಲದಿಂದ, ಮತ್ತು ಅವುಗಳ ಗಡಿಯೂ ಅದೇ. ಇಂದು ನಮ್ಮೆದುರಿಗಿರುವ ಅತಿ ದೊಡ್ಡ ಗೋಮಾಳ ಭೂಮಿಯ ವಾತಾವರಣ. ಅದಕ್ಕೆ ಹೊಗೆ ಬಿಡುವವರು ಒಂದು ಖಂಡದಲ್ಲಿದ್ದರೆ ಮುಳುಗುವವರು ಇನ್ನೊಂದರಲ್ಲಿದ್ದಾರೆ, ಮತ್ತು ಹಾನಿಯ ಬಹುಪಾಲು ಭಾಗವನ್ನು ಅನುಭವಿಸಬೇಕಾದವರು ಬರ್ಕ್ ಪಾಲುದಾರರೆಂದು ಎಣಿಸಿದ, ಇನ್ನೂ ಹುಟ್ಟದ ಜನ. ಅವರು ಮತ ಹಾಕಲಾರರು, ಮುಷ್ಕರ ಹೂಡಲಾರರು, ಗುರುವಾರದ ಮಧ್ಯಾಹ್ನ ಯಾವ ಬಾಗಿಲಿಗೂ ದೂರು ತರಲಾರರು. ಅವರ ಪರವಾಗಿ ಒಲ್ಲೆನೆನ್ನುವ ಹಕ್ಕನ್ನು ಇಂದು ಯಾರಿಗೆ, ಯಾವ ಸಭೆಯಲ್ಲಿ, ಎಷ್ಟು ತೂಕದೊಂದಿಗೆ ಕೊಡಬೇಕೆಂಬುದನ್ನು ಮೇಲೆ ಹೇಳಿದ ಸಿದ್ಧಾಂತಗಳಲ್ಲಿ ಯಾವುದೂ ಇನ್ನೂ ನಿರ್ಧರಿಸಿಲ್ಲ.